ಬಾಗಿಲಿಗೆ ಬಾರದ ಕಾಗದ

“ಅದಕ್ಕೇ ತಾನೆ ಅವರಿಗೆ ಸಂಬಳ ಕೊಡೋದು?”

ದೂರದ ಯುದ್ಧವೊಂದರ ಸುದ್ದಿ ಟಿ.ವಿ.ಯಲ್ಲಿ ಬರುತ್ತಿತ್ತು. ಸತ್ತ ಸೈನಿಕರ ಫೋಟೊಗಳನ್ನು ಒಂದರ ಹಿಂದೊಂದು ತೋರಿಸುತ್ತಿದ್ದರು. ಮೀಸೆ ಸರಿಯಾಗಿ ಮೂಡದ ಮುಖಗಳು. ನಾನು “ಪಾಪ, ಇನ್ನೂ ಹುಡುಗರು” ಅಂದೆ. ಪಕ್ಕದಲ್ಲಿದ್ದ ಗೆಳೆಯ ಕೊಟ್ಟ ಉತ್ತರ ಅದು. “ಯಾರೂ ರಟ್ಟೆ ಹಿಡಿದು ಎಳ್ಕೊಂಡು ಹೋಗಿಲ್ಲ ಕಣೋ, ಅವರಾಗೇ ಸಹಿ ಹಾಕಿ ಸೇರ್ಕೊಂಡಿದ್ದು” ಎಂದೂ ಸೇರಿಸಿದ.

ಅವನು ಕಲ್ಲು ಮನಸ್ಸಿನವನಲ್ಲ. ಯಾರಿಗೆ ರಕ್ತ ಬೇಕೆಂದರೂ ಆಸ್ಪತ್ರೆಗೆ ಮೊದಲು ಓಡುವವನು ಅವನೇ. ಅದಕ್ಕೇ ಆ ಮಾತು ನನ್ನನ್ನು ಬಿಡಲಿಲ್ಲ. ಇಷ್ಟು ಒಳ್ಳೆಯ ಮನುಷ್ಯ ಅಷ್ಟು ಸಲೀಸಾಗಿ ಹಾಗೆ ಹೇಳಬಲ್ಲನಾದರೆ, ಅದಕ್ಕೆ ಅವನ ಸ್ವಭಾವಕ್ಕಿಂತ ಅವನು ನಿಂತಿರುವ ಜಾಗವೇ ಕಾರಣವಿರಬೇಕು ಅನ್ನಿಸಿತು. ಆ ಹೊತ್ತಿಗೆ ನನಗೆ ಮರುಮಾತು ಹೊಳೆಯಲಿಲ್ಲ. ವರ್ಷಗಟ್ಟಲೆ ಓದಿದ ಮೇಲೆ, ನನ್ನ ನಿಲುವನ್ನು ಎರಡು ಸಲ ಬದಲಿಸಿಕೊಂಡ ಮೇಲೆ, ಈಗ ಬರೆಯುತ್ತಿದ್ದೇನೆ.

ನನ್ನನ್ನು ಕಾಡಿದ ಪ್ರಶ್ನೆ ಇಷ್ಟು. ಕಾನೂನಿನ ಬಲದಿಂದ ಯಾರನ್ನೂ ಸೇನೆಗೆ ಎಳೆಯದೆ, ತಾವಾಗಿ ಬಂದವರನ್ನಷ್ಟೇ ತೆಗೆದುಕೊಳ್ಳುವ ದೇಶಕ್ಕೆ ಯುದ್ಧ ಹೂಡುವುದು ಸುಲಭವಾಗಿಬಿಡುತ್ತದೆಯೇ?

1969ರ ಡಿಸೆಂಬರ್ 1ರ ರಾತ್ರಿ ಅಮೆರಿಕದಲ್ಲಿ, ಸೇನೆಗೆ ಕಡ್ಡಾಯವಾಗಿ ಯಾರನ್ನು ಮೊದಲು ಕರೆಯಬೇಕೆಂದು ಚೀಟಿ ಎತ್ತಿದರು. ದೊಡ್ಡ ಗಾಜಿನ ಜಾಡಿಯಲ್ಲಿ ನೀಲಿ ಬಣ್ಣದ 366 ಪ್ಲಾಸ್ಟಿಕ್ ಗುಳಿಗೆಗಳು, ಒಂದೊಂದರೊಳಗೂ ವರ್ಷದ ಒಂದೊಂದು ತಾರೀಕು. ಮೊದಲು ಕೈಗೆ ಸಿಕ್ಕಿದ್ದು ಸೆಪ್ಟೆಂಬರ್ 14. 1944ರಿಂದ 1950ರವರೆಗೆ ಆ ತಾರೀಕಿನಂದು ಹುಟ್ಟಿದ ಗಂಡುಮಕ್ಕಳೆಲ್ಲರಿಗೂ ನಂಬರ್ 1. ಹೀಗೆ ವರ್ಷದ ಎಲ್ಲ ದಿನಗಳಿಗೂ ನಂಬರು ಬಿತ್ತು. ಮುಂದಿನ ವರ್ಷ 195ರವರೆಗಿನ ನಂಬರುಗಳನ್ನು ಸೇನೆ ಕರೆಯಿತು. ವಿಯೆಟ್ನಾಂ ಯುದ್ಧ ಆಗ ಅದರ ಅತ್ಯಂತ ಕೆಟ್ಟ ವರ್ಷಗಳಲ್ಲಿತ್ತು. ಮಗ ಹುಟ್ಟಿದ ದಿನವನ್ನು ಸಂತೋಷದಿಂದ ನೆನೆಯುತ್ತಿದ್ದ ತಾಯಂದಿರು ಅದೇ ದಿನಕ್ಕೆ ಹೆದರಿ ಟಿ.ವಿ. ಮುಂದೆ ಕೂತಿದ್ದ ರಾತ್ರಿ ಅದು.

ಆ ಚೀಟಿಯಾಟ ಒಂದು ವಿಚಿತ್ರ ಉಪಕಾರ ಮಾಡಿತು. 190 ಬಂದವನಿಗೂ 200 ಬಂದವನಿಗೂ ಅದೃಷ್ಟದ ಹೊರತು ಬೇರೆ ಯಾವ ವ್ಯತ್ಯಾಸವೂ ಇರಲಿಲ್ಲ. 1965ರಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದವರನ್ನು ದಶಕಗಳ ಕಾಲ ಮತ್ತೆ ಮತ್ತೆ ಸಂದರ್ಶಿಸಿದ ಒಂದು ದೊಡ್ಡ ಅಧ್ಯಯನವಿತ್ತು. ರಾಬರ್ಟ್ ಎರಿಕ್ಸನ್ ಮತ್ತು ಲಾರಾ ಸ್ಟೋಕರ್ ಎಂಬ ರಾಜ್ಯಶಾಸ್ತ್ರಜ್ಞರು ಅದನ್ನು ಹಿಡಿದು, ಕಾಲೇಜಿನ ಹಾದಿಯಲ್ಲಿದ್ದ ಹುಡುಗರ ನಂಬರುಗಳನ್ನೂ ಅವರ ರಾಜಕೀಯ ನಿಲುವುಗಳನ್ನೂ ಹೋಲಿಸಿ 2011ರಲ್ಲಿ ಪ್ರಕಟಿಸಿದರು. ಕೆಳಗಿನ ನಂಬರು ಬಂದವರು ಯುದ್ಧವನ್ನು ಹೆಚ್ಚು ವಿರೋಧಿಸಿದ್ದರು. ಮನೆಯಿಂದ ಬಂದಿದ್ದ ಪಕ್ಷನಿಷ್ಠೆಯನ್ನೂ ಹಲವರು ಕಳಚಿಕೊಂಡಿದ್ದರು. ನಡುವಯಸ್ಸು ದಾಟಿದ ಮೇಲೂ ಆ ಗುರುತು ಪೂರ್ತಿ ಅಳಿಸಿರಲಿಲ್ಲ. ಅದೇ ವರ್ಷ ಮೈಕೆಲ್ ಹೊರೊವಿಟ್ಜ್ ಮತ್ತು ಮ್ಯಾಥ್ಯೂ ಲೆವೆಂಡಸ್ಕಿ ಎಂಬ ಸಂಶೋಧಕರು ಬೇರೆ ದಾರಿಯಿಂದ ಹೆಚ್ಚುಕಡಿಮೆ ಅಲ್ಲಿಗೇ ತಲುಪಿದರು. ಕಲ್ಪಿತ ಯುದ್ಧವೊಂದನ್ನು ಜನರ ಮುಂದಿಟ್ಟು, ಕೆಲವರಿಗೆ ಮಾತ್ರ ‘ಇದಕ್ಕೆ ಕಡ್ಡಾಯ ಭರ್ತಿ ಇರುತ್ತದೆ’ ಎಂದರೆ, ಅವರಲ್ಲಿ ಯುದ್ಧಕ್ಕೆ ಬೆಂಬಲ ಇಳಿಯುತ್ತಿತ್ತು.

ಇದು ಹೊಸ ತಿಳಿವೇನಲ್ಲ. ಯುದ್ಧ ಬೇಕೋ ಬೇಡವೋ ಎಂದು ಪ್ರಜೆಗಳನ್ನೇ ಕೇಳಿದರೆ ಅವರು ಹತ್ತು ಸಲ ಯೋಚಿಸುತ್ತಾರೆ, ಯಾಕೆಂದರೆ ಹೋರಾಡಬೇಕಾದವರು, ಖರ್ಚು ಹೊರಬೇಕಾದವರು, ಹಾಳಾದದ್ದನ್ನು ಮತ್ತೆ ಕಟ್ಟಬೇಕಾದವರು, ಸಾಲ ತೀರಿಸಬೇಕಾದವರು ಅವರೇ ಎಂದು ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲೇ ಬರೆದಿದ್ದ. ದೇಶವನ್ನು ತನ್ನ ಸೊತ್ತೆಂದುಕೊಂಡ ಅರಸನಿಗೆ ಆ ತೊಡಕಿಲ್ಲ. ಯುದ್ಧದಿಂದ ಅವನ ಊಟಕ್ಕಾಗಲಿ ಬೇಟೆಗಾಗಲಿ ಯಾವ ಕೊರತೆಯೂ ಬರುವುದಿಲ್ಲ.

ಕಾಂಟ್‌ನನ್ನು ಓದಿದ ದಿನಗಳಲ್ಲಿ ನಾನು ಕಡ್ಡಾಯ ಸೇನಾಸೇವೆಯ ಕಟ್ಟಾ ಪಕ್ಷಪಾತಿಯಾಗಿದ್ದೆ. ಮಂತ್ರಿಯ ಮಗನೂ ಕೂಲಿಯವನ ಮಗನೂ ಒಂದೇ ಸಾಲಿನಲ್ಲಿ ನಿಂತರೆ ಯಾವ ಮಂತ್ರಿಯೂ ಹಗುರಾಗಿ ಯುದ್ಧ ಸಾರುವುದಿಲ್ಲ ಎಂದು ಬಲವಾಗಿ ನಂಬಿದ್ದೆ. ಕಾಲಬುಡಕ್ಕೆ ನೀರು ಬಂದರೆ ತಾನೆ ಮನುಷ್ಯ ಎಚ್ಚರಾಗುವುದು? ಗೆಳೆಯನಿಗೆ ಕೊಡಬೇಕಾದ ಉತ್ತರ ಸಿಕ್ಕಿಬಿಟ್ಟಿತು ಅಂದುಕೊಂಡೆ.

ಆ ನಂಬಿಕೆಯನ್ನು ಅಲುಗಾಡಿಸಿದ್ದು 1965ರ ಜುಲೈ 28. ಅಂದು ಅಧ್ಯಕ್ಷ ಲಿಂಡನ್ ಜಾನ್ಸನ್, ತಿಂಗಳಿಗೆ 17,000 ಇದ್ದ ಕಡ್ಡಾಯ ಭರ್ತಿಯನ್ನು 35,000ಕ್ಕೆ ಏರಿಸುತ್ತೇನೆಂದು ಪ್ರಕಟಿಸಿದರು. ಅವರ ಮುಂದೆ ಇನ್ನೊಂದು ದಾರಿಯಿತ್ತು. ಉದ್ಯೋಗ, ಸಂಸಾರ ಮಾಡಿಕೊಂಡು ಊರುಗಳಲ್ಲಿದ್ದ ಮೀಸಲು ಪಡೆಯವರನ್ನು ಕರೆಸುವುದು. ಸೇನೆಯ ಹಿರಿಯರು ಬಯಸಿದ್ದೂ ಅದನ್ನೇ. ಆದರೆ ಹಾಗೆ ಮಾಡಿದ್ದರೆ ಇದು ದೊಡ್ಡ ಯುದ್ಧವೆಂದು ದೇಶಕ್ಕೆಲ್ಲ ಗೊತ್ತಾಗುತ್ತಿತ್ತು, ಸಂಸತ್ತಿನಲ್ಲಿ ಬಿರುಸಿನ ಚರ್ಚೆಯಾಗುತ್ತಿತ್ತು. ಜಾನ್ಸನ್‌ಗೆ ಅದು ಬೇಕಿರಲಿಲ್ಲ. ಕಡ್ಡಾಯ ಭರ್ತಿ ಕೈಯಳತೆಯಲ್ಲಿದ್ದ ನಲ್ಲಿ. ಯಾರನ್ನೂ ಕೇಳದೆ ಇನ್ನಷ್ಟು ತಿರುಗಿಸಿದರೆ ಆಯಿತು, ಎಳೆಯ ಹುಡುಗರು ಹರಿದು ಬರುತ್ತಿದ್ದರು.

ಯುದ್ಧವನ್ನು ತಡೆಯಬೇಕಾಗಿದ್ದ ಕಡ್ಡಾಯ ಸೇವೆಯೇ ಯುದ್ಧವನ್ನು ಸದ್ದಿಲ್ಲದೆ ಹಿಗ್ಗಿಸುವ ಸಾಧನವಾಗಿತ್ತು. ಸಮಾನತೆಯ ಮಾತಂತೂ ಕಾಗದದ ಮೇಲಷ್ಟೇ. ಕಾಲೇಜು ಸೇರಿದವರಿಗೆ ವಿನಾಯಿತಿ ಇತ್ತು, ಪರಿಚಯದ ವೈದ್ಯರಿಂದ ಸರ್ಟಿಫಿಕೇಟ್ ತರಬಲ್ಲವರಿಗೂ ದಾರಿಯಿತ್ತು. ಉಳ್ಳವರ ಮಕ್ಕಳು ನುಣುಚಿಕೊಂಡರು. ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರು 58,000ಕ್ಕೂ ಹೆಚ್ಚು. ಜಾಡಿಯಿಂದ ಚೀಟಿ ಎತ್ತುವ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಆಗಲೇ ಸತ್ತಿದ್ದರು.

ರಿಚರ್ಡ್ ನಿಕ್ಸನ್ 1968ರ ಚುನಾವಣೆಯಲ್ಲಿ ಕಡ್ಡಾಯ ಭರ್ತಿಯನ್ನು ನಿಲ್ಲಿಸುವ ಮಾತು ಕೊಟ್ಟಿದ್ದರು. ಗೆದ್ದ ಮೇಲೆ, ಮಾಜಿ ರಕ್ಷಣಾ ಕಾರ್ಯದರ್ಶಿ ಥಾಮಸ್ ಗೇಟ್ಸ್ ನೇತೃತ್ವದಲ್ಲಿ ಆಯೋಗವೊಂದನ್ನು ನೇಮಿಸಿದರು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅದರ ಸದಸ್ಯರಲ್ಲೊಬ್ಬರು. ವಿಯೆಟ್ನಾಂನಲ್ಲಿ ಸೇನೆಯನ್ನು ನಡೆಸಿದ್ದ ಜನರಲ್ ವೆಸ್ಟ್‌ಮೋರ್ಲೆಂಡ್ ಆಯೋಗದ ಮುಂದೆ ಬಂದು, ಕೂಲಿ ಸೈನಿಕರ ಪಡೆಗೆ ದಳಪತಿಯಾಗುವುದು ನನಗೆ ಬೇಡ ಎಂದರು. ಹಾಗಾದರೆ ಗುಲಾಮರ ಪಡೆಗೆ ದಳಪತಿಯಾಗುವುದು ವಾಸಿಯೇ ಎಂದು ಫ್ರೀಡ್‌ಮನ್ ತಿರುಗಿ ಕೇಳಿದರು. ಫ್ರೀಡ್‌ಮನ್ ಅವರ ಆರ್ಥಿಕ ಚಿಂತನೆಯ ಬಹುಭಾಗ ನನಗೆ ಒಪ್ಪಿಗೆಯಿಲ್ಲ. ಆದರೆ ಆ ಪ್ರಶ್ನೆಯನ್ನು ಓದಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಹುಡುಗನೊಬ್ಬನನ್ನು ಹಿಡಿದು ತಂದು, ಮಾರುಕಟ್ಟೆಯ ಕೂಲಿಗಿಂತ ಕಡಿಮೆ ಸಂಬಳಕ್ಕೆ ದುಡಿಸಿ, ಬೇಕಾದರೆ ಸಾಯಿಸುವ ಹಕ್ಕು ಸರ್ಕಾರಕ್ಕೆ ಇರುವುದನ್ನು ನಾನು ಇಷ್ಟು ದಿನ ‘ಸಮಾನತೆ’ ಎಂದು ಕರೆಯುತ್ತಿದ್ದೆನಲ್ಲ! ಅದು ನನ್ನ ನಿಲುವು ಬದಲಾದ ಮೊದಲನೆಯ ಸಲ.

ಆಯೋಗ 1970ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ಸ್ವಯಂಪ್ರೇರಿತ ಸೇನೆಯಿದ್ದರೆ ದೇಶ ಹೊರಗಿನ ಯುದ್ಧಸಾಹಸಗಳಿಗೆ ಹೆಚ್ಚು ಇಳಿದೀತು, ಜನರ ಕಾಳಜಿ ಕಡಿಮೆಯಾದೀತು ಎಂಬ ಆಕ್ಷೇಪವನ್ನು ಅದು ಮರೆಮಾಚಲಿಲ್ಲ, ಎತ್ತಿಕೊಂಡು ಚರ್ಚಿಸಿ ತಳ್ಳಿಹಾಕಿತು. 1973ರ ಮಧ್ಯದಲ್ಲಿ ಅಮೆರಿಕದ ಕಡ್ಡಾಯ ಭರ್ತಿ ಮುಗಿಯಿತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್ಸು, ನಿಕ್ಸನ್‌ರ ವೀಟೊವನ್ನು ಮೀರಿ ಯುದ್ಧಾಧಿಕಾರದ ನಿರ್ಣಯವನ್ನು ಕಾನೂನು ಮಾಡಿತು. ಅಧ್ಯಕ್ಷರು ಸೇನೆಯನ್ನು ಕಾಳಗಕ್ಕೆ ಇಳಿಸಿದರೆ 60 ದಿನಗಳೊಳಗೆ ಕಾಂಗ್ರೆಸ್ಸಿನ ಒಪ್ಪಿಗೆ ಪಡೆಯಬೇಕು, ಇಲ್ಲವಾದರೆ ಹಿಂದೆ ಕರೆಸಬೇಕು. ಒಂದೇ ವರ್ಷದಲ್ಲಿ ಮನೆಗಳಿಂದ ಒಂದು ಲಗಾಮು ಕಳಚಿತು, ಸಂಸತ್ತಿನ ಕೈಗೆ ಇನ್ನೊಂದು ಲಗಾಮು ಬಂತು. ಎರಡನೆಯದು ಮೊದಲನೆಯದರಷ್ಟು ಗಟ್ಟಿಯೇ ಎಂಬುದು ಮುಂದಿನ ಐವತ್ತು ವರ್ಷಗಳ ಕಥೆ.

ಅಲ್ಲಿಗೆ ಹೋಗುವ ಮೊದಲು ಫ್ರಾನ್ಸಿನ ಕಡೆ ಒಮ್ಮೆ ನೋಡಬೇಕು. ಒಂದೇ ದೇಶ, ಒಂದೇ ಕಾಲಘಟ್ಟ, ಎರಡು ಬಗೆಯ ಸೈನಿಕರು. ಇಂಥ ಹೋಲಿಕೆ ಇತಿಹಾಸದಲ್ಲಿ ಅಪರೂಪ. 1946ರಿಂದ 1954ರವರೆಗೆ ಫ್ರಾನ್ಸ್ ಇಂಡೋಚೈನಾದಲ್ಲಿ, ಅಂದರೆ ವಿಯೆಟ್ನಾಂ ಮತ್ತು ಅದರ ನೆರೆಯ ತನ್ನ ವಸಾಹತುಗಳಲ್ಲಿ, ಯುದ್ಧ ಮಾಡಿತು. ಕಡ್ಡಾಯ ಸೇವೆಗೆ ಬಂದ ಫ್ರೆಂಚ್ ಹುಡುಗರನ್ನು ಅಲ್ಲಿಗೆ ಕಳಿಸಲಿಲ್ಲ. ಹೋರಾಡಿದವರು ವೃತ್ತಿ ಸೈನಿಕರು, ಹಲವು ದೇಶಗಳಿಂದ ಬಂದು ಫ್ರೆಂಚ್ ಸೇನೆಯ ಫಾರಿನ್ ಲೀಜನ್ ಎಂಬ ಪಡೆ ಸೇರಿದವರು, ಆಫ್ರಿಕಾದ ವಸಾಹತುಗಳಿಂದ ತಂದವರು, ವಿಯೆಟ್ನಾಮೀಯರೇ ಆದವರು. ಎಂಟು ವರ್ಷ ನಡೆದ ಆ ಯುದ್ಧ ಫ್ರಾನ್ಸಿನ ಹೆಚ್ಚಿನ ಮನೆಗಳಿಗೆ ದೂರದ ಸುದ್ದಿಯಾಗಿಯೇ ಇತ್ತು. 1954ರಲ್ಲಿ ವಿಯೆಟ್ನಾಂನ ದಿಯೆನ್ ಬಿಯೆನ್ ಫು ಕೋಟೆ ಬಿದ್ದಾಗಲೇ ದೇಶ ಬೆಚ್ಚಿಬಿದ್ದಿದ್ದು.

ಸ್ವಾತಂತ್ರ್ಯಕ್ಕಾಗಿ ಬಂಡೆದ್ದಿದ್ದ ಉತ್ತರ ಆಫ್ರಿಕಾದ ಅಲ್ಜೀರಿಯಾದ ಕಥೆ ಬೇರೆ. ಅದು ಫ್ರಾನ್ಸಿನದೇ ಭಾಗವೆಂಬ ಲೆಕ್ಕದಲ್ಲಿ 1956ರಿಂದ ಕಡ್ಡಾಯ ಸೇವೆಯ ಹುಡುಗರನ್ನು ದಂಡಿಯಾಗಿ ಅಲ್ಲಿಗೆ ಕಳಿಸಿದರು. ಅಲ್ಲಿದ್ದ ಸೈನಿಕರ ಸಂಖ್ಯೆ 4 ಲಕ್ಷ ದಾಟಿತು. ಆಗ ಯುದ್ಧ ಪ್ರತಿ ಬೀದಿಗೂ ಬಂತು. ಆದರೂ ಅದು ನಿಲ್ಲಲು 1962 ಆಗಬೇಕಾಯಿತು. ಕಡ್ಡಾಯ ಸೇವೆ ಇದ್ದಮಾತ್ರಕ್ಕೆ ಯುದ್ಧ ಬೇಗ ಮುಗಿಯಲಿಲ್ಲ ಎಂಬುದನ್ನು ನಾನು ಒಪ್ಪಲೇಬೇಕು. ಆದರೆ ಇನ್ನೊಂದು ಸಂಗತಿ ನಡೆಯಿತು. 1961ರ ಏಪ್ರಿಲ್‌ನಲ್ಲಿ, ಅಲ್ಜೀರಿಯಾವನ್ನು ಬಿಟ್ಟುಕೊಡಲು ಒಪ್ಪದ ನಾಲ್ವರು ಜನರಲ್‌ಗಳು ಅಲ್ಜಿಯರ್ಸ್‌ನಲ್ಲಿ ದಂಗೆಯೆದ್ದರು. ಲೀಜನ್ನಿನ ಪ್ಯಾರಾಟ್ರೂಪರ್‌ಗಳು ಅವರ ಬೆನ್ನಿಗಿದ್ದರು. 23ರ ರಾತ್ರಿ ಅಧ್ಯಕ್ಷ ಷಾರ್ಲ್ ಡಿ ಗಾಲ್ ದೇಶವನ್ನುದ್ದೇಶಿಸಿ ಮಾತನಾಡಿ, ದಂಗೆಕೋರರ ಯಾವ ಆದೇಶವನ್ನೂ ಪಾಲಿಸಕೂಡದು ಎಂದರು. ಬ್ಯಾರಕ್ಕುಗಳಲ್ಲಿದ್ದ ಕಡ್ಡಾಯ ಸೇವೆಯ ಹುಡುಗರು ಅದನ್ನು ಸಣ್ಣ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಕೇಳಿಸಿಕೊಂಡರು. ಮರುದಿನದಿಂದ ಅವರು ಅಲುಗಲಿಲ್ಲ. ಕೆಲವೇ ದಿನಗಳಲ್ಲಿ ದಂಗೆ ಕುಸಿಯಿತು.

ಆ ಹುಡುಗರು ಸೇನೆಯಲ್ಲಿದ್ದರೂ ಅವರ ಒಂದು ಕಾಲು ಊರಲ್ಲೇ ಇತ್ತು. ಬ್ಯಾರಕ್ಕಿಗೂ ಬೀದಿಗೂ ನಡುವೆ ಅವರು ಬಾಗಿಲಾಗಿದ್ದರು. ಸ್ವಯಂಪ್ರೇರಿತ ಸೇನೆ ಬಂದಾಗ ಮುಚ್ಚುವುದು ಈ ಬಾಗಿಲೇ ಎಂದು ನನಗೀಗ ಅನ್ನಿಸುತ್ತದೆ. ಫ್ರಾನ್ಸೇ ಮುಂದೆ ಅದನ್ನು ಬೇಕೆಂದೇ ಮುಚ್ಚಿತು. ಇರಾಕ್ ವಿರುದ್ಧದ 1991ರ ಕೊಲ್ಲಿ ಯುದ್ಧಕ್ಕೆ ಕಡ್ಡಾಯ ಸೈನಿಕರನ್ನು ಕಳಿಸುವುದಿಲ್ಲವೆಂದು ಅಧ್ಯಕ್ಷ ಮಿತ್ತೆರಾಂ ತೀರ್ಮಾನಿಸಿದ್ದರಿಂದ, ಅಷ್ಟು ದೊಡ್ಡ ಸೇನೆಯಲ್ಲಿ ಕಳಿಸಲು ಆಗುವವರನ್ನು ಹೆಕ್ಕುವುದೇ ಕಷ್ಟವಾಯಿತು. 1996ರಲ್ಲಿ ಜಾಕ್ ಷಿರಾಕ್ ಕಡ್ಡಾಯ ಸೇವೆಗೆ ವಿದಾಯ ಹೇಳಿದರು. ದೂರದ ಯುದ್ಧಗಳಿಗೆ ಬೇಗ ಹೊರಡಬಲ್ಲ ಸೇನೆ ಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು.

ಈ ವಿಷಯ ಚರ್ಚಿಸುವವರು ಹಲವೊಮ್ಮೆ ಇಲ್ಲೇ ಎಡವುತ್ತಾರೆ. ಸ್ವಯಂಪ್ರೇರಿತ ಸೇನೆಯಿಂದಾಗಿ ದೇಶಗಳು ದೂರದ ಯುದ್ಧಕ್ಕೆ ಹೋಗುತ್ತವೆಯೋ, ದೂರದ ಯುದ್ಧಕ್ಕೆ ಹೋಗಬೇಕೆಂದಿರುವ ದೇಶಗಳು ಅಂಥ ಸೇನೆ ಕಟ್ಟಿಕೊಳ್ಳುತ್ತವೆಯೋ? ಶತ್ರು ಹೊಸ್ತಿಲಲ್ಲೇ ಇದ್ದಾನೆಂದು ಭಾವಿಸುವ ಫಿನ್ಲೆಂಡಿನಂಥ ದೇಶ ಕಡ್ಡಾಯ ಸೇವೆಯನ್ನು ಎಂದೂ ಬಿಡಲಿಲ್ಲ. ಬಿಟ್ಟಿದ್ದ ಸ್ವೀಡನ್, ಸುತ್ತಲಿನ ಗಾಳಿ ಬಿಸಿಯಾದಾಗ 2017ರಲ್ಲಿ ಮತ್ತೆ ತಂದಿತು. ಮನೆ ಕಾಯಲು ಮನೆಯವರೆಲ್ಲ ಏಳುತ್ತಾರೆ, ಅದಕ್ಕೆ ಹೆಚ್ಚು ವಾದ ಬೇಕಿಲ್ಲ. ಬೇರೆಯವರ ಮನೆಗೆ ಬಂದೂಕು ಹಿಡಿದು ಹೋಗುವಾಗಲೇ ಯಾರನ್ನು ಕಳಿಸುವುದು ಎಂಬ ಪ್ರಶ್ನೆ ಏಳುವುದು.

ಅಮೆರಿಕಕ್ಕೆ ಮರಳುತ್ತೇನೆ. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧಕ್ಕೆ ಮೊದಲು ಕಾಂಗ್ರೆಸ್ ನಡೆಸಿದ ಚರ್ಚೆ ಗಂಭೀರವಾದದ್ದು. ಮೇಲ್ಮನೆಯಾದ ಸೆನೆಟ್‌ನಲ್ಲಿ 52–47, ಅಷ್ಟು ಹತ್ತಿರದ ಮತ. ವಿಯೆಟ್ನಾಂ ನೆನಪಿದ್ದವರು, ಸ್ವತಃ ಸಮವಸ್ತ್ರ ತೊಟ್ಟಿದ್ದವರು ಆಗ ಸಭೆಯಲ್ಲಿ ತುಂಬಾ ಮಂದಿ ಇದ್ದರು. 1970ರ ದಶಕದ ಆರಂಭದಲ್ಲಿ ಕಾಂಗ್ರೆಸ್ಸಿನ ಹತ್ತು ಸದಸ್ಯರಲ್ಲಿ ಏಳಕ್ಕೂ ಹೆಚ್ಚು ಮಂದಿ ಮಾಜಿ ಸೈನಿಕರಾಗಿದ್ದರು. ಇಂದು ಹತ್ತರಲ್ಲಿ ಇಬ್ಬರೂ ಇಲ್ಲ.

2001ರ ಸೆಪ್ಟೆಂಬರ್ 14ರಂದು, ಭಯೋತ್ಪಾದಕರ ದಾಳಿಗೆ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮೂರೇ ದಿನಕ್ಕೆ, ಬಲಪ್ರಯೋಗಕ್ಕೆ ಅನುಮತಿ ಕೊಡುವ ನಿರ್ಣಯ ಸೆನೆಟ್‌ನಲ್ಲಿ 98–0, ಕೆಳಮನೆಯಲ್ಲಿ 420–1 ಮತಗಳಿಂದ ಅಂಗೀಕಾರವಾಯಿತು. ಆ ಒಂದು ‘ಬೇಡ’ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಆ ದಿನಗಳ ದುಃಖದಲ್ಲಿ ಯಾವ ಬಗೆಯ ಸೇನೆಯಿದ್ದರೂ ಮತ ಹಾಗೇ ಬೀಳುತ್ತಿತ್ತೇನೋ. ನನಗೆ ಮುಖ್ಯವಾಗಿ ಕಾಣುವುದು ಆಮೇಲಿನದು. ಗಡುವಿಲ್ಲದ, ಜಾಗದ ಹೆಸರಿಲ್ಲದ ಆ ಅನುಮತಿಯ ಮೇಲೆ ಒಬ್ಬರಾದ ಮೇಲೊಬ್ಬ ಅಧ್ಯಕ್ಷರು ಹಲವು ದೇಶಗಳಲ್ಲಿ ಸೇನೆಯನ್ನು ಬಳಸಿದರು. ಹೊಸ ಮತ ಕೇಳುವ ಒತ್ತಡವೇ ಬರಲಿಲ್ಲ. 2017ರ ಅಕ್ಟೋಬರಿನಲ್ಲಿ ಆಫ್ರಿಕಾದ ನೈಜರ್‌ನಲ್ಲಿ ಹೊಂಚುದಾಳಿಗೆ ಸಿಕ್ಕಿ ನಾಲ್ವರು ಅಮೆರಿಕನ್ ಸೈನಿಕರು ಸತ್ತರು. ಆ ದೇಶದಲ್ಲಿ ನಮ್ಮ ಸಾವಿರ ಮಂದಿ ಇರುವುದೇ ಗೊತ್ತಿರಲಿಲ್ಲ ಎಂದು ಹಿರಿಯ ಸೆನೆಟರ್ ಲಿಂಡ್ಸೆ ಗ್ರಹಾಂ ಟಿ.ವಿ.ಯಲ್ಲಿ ಹೇಳಿದರು. ಸೇನೆಯ ವಿಷಯದಲ್ಲಿ ಅತ್ಯಂತ ಆಸಕ್ತಿಯಿದ್ದವರ ಮಾತಿದು. ಪ್ರತಿ ಬೀದಿಯಿಂದ ಒಬ್ಬ ಹುಡುಗನನ್ನು ಎಳೆದು ಕಳಿಸಿದ್ದರೆ, ಆ ಸಾವಿರ ಮಂದಿ ಎಲ್ಲಿದ್ದಾರೆಂದು ಸೆನೆಟರ್‌ಗೆ ಅವರ ತಾಯಂದಿರೇ ದಿನಾ ಫೋನ್ ಮಾಡಿ ತಿಳಿಸುತ್ತಿದ್ದರು.

ದುಡ್ಡಿನ ವಿಷಯವೂ ಹಾಗೆಯೇ. ವಿಯೆಟ್ನಾಂ ಕಾಲದಲ್ಲಿ, 1968ರಲ್ಲಿ, ಆದಾಯ ತೆರಿಗೆಯ ಮೇಲೆ ಶೇ 10ರ ಸರ್‌ಚಾರ್ಜ್ ಹೇರಿದ್ದರು. 2003ರ ಮಾರ್ಚಿನಲ್ಲಿ ಇರಾಕ್ ಮೇಲೆ ದಾಳಿಯಾಯಿತು. ಮೇ ತಿಂಗಳಲ್ಲಿ ತೆರಿಗೆ ಇಳಿಸುವ ಕಾನೂನಿಗೆ ಅಧ್ಯಕ್ಷರು ಸಹಿ ಹಾಕಿದರು. ಯುದ್ಧ ಸಾಲದ ಮೇಲೆ ನಡೆಯಿತು. ಮಗನನ್ನೂ ಕೇಳಲಿಲ್ಲ, ಹಣವನ್ನೂ ಕೇಳಲಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆಯನ್ನು ಇಂಥ ಕಡೆ ಬಳಸಲು ಮನಸ್ಸು ಬರುವುದಿಲ್ಲ, ಯಾಕೆಂದರೆ ಇಲ್ಲಿ ಖರ್ಚಾದದ್ದು ದುಡ್ಡಷ್ಟೇ ಆಗಿರಲಿಲ್ಲ.

ಚಾರ್ಲ್ಸ್ ರೇಂಜೆಲ್ ಎಂಬ ಜನಪ್ರತಿನಿಧಿ ಇದನ್ನು ಯುದ್ಧಕ್ಕೆ ಮೊದಲೇ ಎತ್ತಿ ತೋರಿಸಿದ್ದರು. ಕೊರಿಯಾ ಯುದ್ಧದಲ್ಲಿ ಹೋರಾಡಿ ಗಾಯಗೊಂಡಿದ್ದವರು, ಇರಾಕ್ ಯುದ್ಧವನ್ನು ವಿರೋಧಿಸಿದವರು. 2003ರ ಜನವರಿಯಲ್ಲಿ ಕಡ್ಡಾಯ ಸೇವೆಯನ್ನು ಮರಳಿ ತರುವ ಮಸೂದೆ ಮಂಡಿಸಿದರು. ತಮ್ಮ ಮಕ್ಕಳೂ ಹೋಗಬೇಕಾಗಿದ್ದರೆ ಈ ಸಭೆ ಯುದ್ಧಕ್ಕೆ ಇಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ ಎಂಬುದು ಅವರ ವಾದ. 2004ರ ಅಕ್ಟೋಬರಿನಲ್ಲಿ ಅದು ಮತಕ್ಕೆ ಬಂದಾಗ 402–2ರಿಂದ ಬಿದ್ದುಹೋಯಿತು. ಚುನಾವಣೆಯ ಹೊಸ್ತಿಲಲ್ಲಿ ರಾಜಕೀಯಕ್ಕಾಗಿ ಅದನ್ನು ಮತಕ್ಕೆ ಹಾಕಿದ್ದಾರೆಂದು ರೇಂಜೆಲ್ ಸ್ವತಃ ವಿರುದ್ಧ ಮತ ಹಾಕಿದ್ದರು. ಎರಡು ವರ್ಷ ಹಿಂದೆ ಇದೇ ಕೆಳಮನೆ ಇರಾಕ್ ಯುದ್ಧಕ್ಕೆ 296–133ರಿಂದ ಅನುಮತಿ ಕೊಟ್ಟಿತ್ತು. ಆ 402 ಮಂದಿಯನ್ನು ನಾನು ಹಳಿಯುವುದಿಲ್ಲ. ಯುದ್ಧ ಬೇಡವೆಂದವರಲ್ಲೂ ಹೆಚ್ಚಿನವರು ಕಡ್ಡಾಯ ಸೇವೆಯೂ ಬೇಡವೆಂದರು. ಆದರೂ ಈ ಎರಡು ಮತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎದೆ ಭಾರವಾಗುತ್ತದೆ.

ಹಾಗಾದರೆ ಸಹಿ ಹಾಕಿದವನ ಒಪ್ಪಿಗೆಯಾದರೂ ಪೂರ್ತಿ ಅವನದೇ? ಇರಾಕ್ ಯುದ್ಧ ಎಳೆದಾಡತೊಡಗಿದಾಗ ಅಮೆರಿಕದ ಸೇನೆ ‘ಸ್ಟಾಪ್-ಲಾಸ್’ ಎಂಬ ನಿಯಮವನ್ನು ವ್ಯಾಪಕವಾಗಿ ಬಳಸಿತು. ಕರಾರಿನ ಅವಧಿ ಮುಗಿದು ಮನೆಗೆ ಹೊರಡಬೇಕಾದ ಸೈನಿಕನನ್ನು, ಅವನ ತುಕಡಿ ಯುದ್ಧಭೂಮಿಗೆ ಹೋಗುತ್ತಿದೆ ಎಂಬ ಕಾರಣಕ್ಕೆ ಬಿಡುಗಡೆ ಮಾಡದೆ ಉಳಿಸಿಕೊಳ್ಳುವ ನಿಯಮ. ಅದು ಕಾನೂನಿಗೆ ವಿರುದ್ಧವಾಗಿರಲಿಲ್ಲ, ಅವನು ಸಹಿ ಹಾಕಿದ ಕಾಗದದಲ್ಲೇ ಅದಕ್ಕೆ ಅವಕಾಶವಿತ್ತು. ಜನ ಅದನ್ನು ಹಿಂಬಾಗಿಲಿನ ಕಡ್ಡಾಯ ಸೇವೆ ಎಂದು ಕರೆದರು. ಎಲ್ಲರಿಗೂ ಹಂಚಬೇಕಾದ ಭಾರವನ್ನು ಒಮ್ಮೆ ಒಪ್ಪಿ ಬಂದವನ ಹೆಗಲಿಗೇ ಮತ್ತೆ ಮತ್ತೆ ಏರಿಸಿದರು. ಒಂದೇ ಮನೆಯಿಂದ ಮೂರು ಸಲ, ನಾಲ್ಕು ಸಲ ಹೋಗಿ ಬಂದವರಿದ್ದರು. ಪಕ್ಕದ ಮನೆಗೆ ಯುದ್ಧ ನಡೆಯುತ್ತಿರುವುದೇ ಮರೆತುಹೋಗಿತ್ತು.

ಹಳಗನ್ನಡದಲ್ಲಿ ‘ಜೋಳದ ಪಾಳಿ’ ಎಂಬ ಮಾತಿದೆ. ಅನ್ನವಿಟ್ಟ ಒಡೆಯನಿಗಾಗಿ ಕಾದಿ ಸಾಯುವ ಋಣ. ಅದರ ಬಗ್ಗೆ ನನಗೆ ಗೌರವವಿದೆ. ಉಂಡ ಮನೆಗೆ ಎರಡು ಬಗೆಯದಿರುವುದು ಸಣ್ಣ ಗುಣವಲ್ಲ. ಆದರೆ ಆ ಮಾತು ಉಂಡವನ ಕರ್ತವ್ಯವನ್ನು ಹೇಳುತ್ತದೆ. ಉಣಿಸಿದವನ ಕರ್ತವ್ಯವೇನು? ಜೋಳ ಕೊಟ್ಟಮಾತ್ರಕ್ಕೆ ಯಾವ ಜಗಳಕ್ಕಾದರೂ ಕಳಿಸಬಹುದೇ? ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಇಂಡಿಯಾದ ಸೇನೆ 25 ಲಕ್ಷದ ಆಸುಪಾಸಿಗೆ ಬೆಳೆಯಿತು. ಯಾರನ್ನೂ ಕಡ್ಡಾಯ ಮಾಡಿರಲಿಲ್ಲ, ಹೊಟ್ಟೆಪಾಡಿಗೆ ಸೇರಿದವರು ಬಹಳ. ಆದರೆ 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತ ಯುದ್ಧದಲ್ಲಿದೆ ಎಂದು ಸಾರುವಾಗ ಇಲ್ಲಿನ ಯಾವ ನಾಯಕರನ್ನೂ ಕೇಳಿರಲಿಲ್ಲ. ಸೈನಿಕನ ಸಹಿ ಇತ್ತು, ದೇಶದ ಒಪ್ಪಿಗೆ ಇರಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ನನ್ನ ಗೆಳೆಯ ಬೆರೆಸಿಬಿಟ್ಟಿದ್ದು ಇವೆರಡನ್ನೇ. ಆ ಹುಡುಗ ಒಪ್ಪಿದ್ದು ಕರೆದಲ್ಲಿಗೆ ಬರುತ್ತೇನೆ ಎಂಬುದಕ್ಕೆ. ಎಲ್ಲಿಗೆ, ಯಾಕೆ ಎಂದು ಕೇಳುವ ಹಕ್ಕನ್ನು ಅವನು ಆ ಕಾಗದದಲ್ಲಿ ಬಿಟ್ಟುಕೊಟ್ಟ. ಸೈನಿಕ ಆದೇಶಗಳನ್ನು ಆರಿಸಿಕೊಳ್ಳುವಂತಿಲ್ಲವಾದ್ದರಿಂದ ಅದನ್ನು ಬಿಡಲೇಬೇಕು. ಅವನು ಬಿಟ್ಟ ಆ ಪ್ರಶ್ನೆಯನ್ನು ಹೊರಗಿರುವ ನಾವು ಕೇಳಬೇಕಾಗಿತ್ತು. ‘ಅವನೇ ಸಹಿ ಹಾಕಿದ್ದಲ್ಲವೇ’ ಎಂದಾಗ ಅವನೂ ಕೇಳುವಂತಿಲ್ಲ, ನಾವೂ ಕೇಳುವುದಿಲ್ಲ.

ಪ್ರಜಾಪ್ರಭುತ್ವ ಇಲ್ಲದ ಕಡೆಯೂ ಆಳುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. 2022ರಲ್ಲಿ ಉಕ್ರೇನ್ ಮೇಲೆ ದಂಡೆತ್ತಿ ಹೋದ ರಷ್ಯಾ, ಕಡ್ಡಾಯ ಸೇವೆಯ ಹುಡುಗರನ್ನು ಕಳಿಸುವುದಿಲ್ಲ ಎಂದು ತಾಯಂದಿರಿಗೆ ಮಾತು ಕೊಟ್ಟಿತು. ಕೆಲವರನ್ನು ಕಳಿಸಿದ್ದು ನಿಜವೆಂದು ಆಮೇಲೆ ರಕ್ಷಣಾ ಇಲಾಖೆಯೇ ಒಪ್ಪಿಕೊಂಡಿತು. ಸೆಪ್ಟೆಂಬರ್ 21ರಂದು 3 ಲಕ್ಷ ಮಂದಿಯನ್ನು ಕರೆಯುವ ಆದೇಶ ಹೊರಟಾಗ ಗಡಿಗಳಲ್ಲಿ ಕಾರುಗಳ ಸಾಲು ನಿಂತಿತು. ಮುಂದೆ ಆ ಸರ್ಕಾರ ಅಂಥ ಇನ್ನೊಂದು ಕರೆಯ ಬದಲು ಹಣದ ದಾರಿ ಹಿಡಿಯಿತು. ತಾನಾಗಿ ಸಹಿ ಹಾಕುವವರಿಗೆ ಕೊಡುವ ಮೊತ್ತವನ್ನು 2024ರಲ್ಲಿ 4 ಲಕ್ಷ ರೂಬಲ್‌ಗೆ ಏರಿಸಿತು, ಪ್ರಾಂತಗಳು ಅದರ ಮೇಲೆ ತಮ್ಮದನ್ನೂ ಸೇರಿಸಿದವು. ಬಡ ಪ್ರಾಂತದ ಸಾಲಗಾರನೊಬ್ಬ ತಾನಾಗಿ ಬಂದು ಸತ್ತರೆ ದೊಡ್ಡ ನಗರದ ಬೀದಿ ಸದ್ದಿಲ್ಲದೆ ಇರುತ್ತದೆ.

ಇನ್ನು ಸೈನಿಕನೇ ಬೇಕಿಲ್ಲದ ಯುದ್ಧ. 2011ರಲ್ಲಿ ಅಮೆರಿಕವೂ ಸೇರಿ ಲಿಬಿಯಾದ ಮೇಲೆ ನಡೆಸಿದ ಬಾಂಬ್ ದಾಳಿ 60 ದಿನಗಳ ಗಡುವು ದಾಟಿತು. ಕಾಂಗ್ರೆಸ್ಸಿನ ಒಪ್ಪಿಗೆ ಎಲ್ಲಿ ಎಂದು ಕೇಳಿದಾಗ ಒಬಾಮಾ ಸರ್ಕಾರದ ಉತ್ತರ, ಇದು ಆ ಕಾನೂನು ಹೇಳುವ ಅರ್ಥದ ಕಾಳಗವೇ ಅಲ್ಲ ಎಂದಿತ್ತು. ನೆಲದ ಮೇಲೆ ನಮ್ಮ ಸೈನಿಕರಿಲ್ಲ, ನಮ್ಮವರು ಸಾಯುವ ಅಪಾಯ ಕಡಿಮೆ ಎಂಬುದು ಅದರ ಸಮರ್ಥನೆ. ನಾನು ಆ ವಾದವನ್ನು ಎರಡು ಸಲ ಓದಿದೆ. ಬಾಂಬು ಬೀಳುವ ಊರಿನ ಜನ ಆ ವಾಕ್ಯದಲ್ಲಿ ಎಲ್ಲೂ ಇರಲಿಲ್ಲ. ಕಡ್ಡಾಯ ಸೇವೆಯ ಪರ ವಾದಿಸುತ್ತಿದ್ದಾಗ ನಾನೂ ಅವರನ್ನು ಮರೆತಿದ್ದೆ. ‘ನಮ್ಮ ಮಕ್ಕಳು ಸಾಯುತ್ತಾರೆ, ಆದ್ದರಿಂದ ಯುದ್ಧ ಬೇಡ’ ಎಂಬ ವಾದ, ನಮ್ಮ ಮಕ್ಕಳು ಸಾಯದ ಹಾಗೆ ನೋಡಿಕೊಂಡ ದಿನ ಬಾಯಿ ಮುಚ್ಚಿಕೊಳ್ಳುತ್ತದೆ. ನಿಕ್ಸನ್ ಅದನ್ನು ಆಗಲೇ ಅರಿತಿದ್ದರು. ನೆಲದ ಸೈನಿಕರ ಸಂಖ್ಯೆಯನ್ನು ಕಡಿಮೆ ಮಾಡುತ್ತಾ ಬಂದ ಅವರು 1972ರ ಡಿಸೆಂಬರಿನಲ್ಲಿ ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್ ಮೇಲೆ ಬಿ-52 ಬಾಂಬರ್ ವಿಮಾನಗಳನ್ನು ಕಳಿಸಿದರು. ಇದು ನನ್ನ ನಿಲುವು ಬದಲಾದ ಎರಡನೆಯ ಸಲ. ಯಾರು ಸೇನೆಗೆ ಹೋಗುತ್ತಾರೆ ಎಂಬುದನ್ನು ಮಾತ್ರ ಹಿಡಿದು ಕೂತರೆ ಸಾಲದು ಎಂದು ಆಗ ಗೊತ್ತಾಯಿತು.

ದಾರಿಗಳಿಲ್ಲವೆಂದಲ್ಲ. ಸೈನಿಕರನ್ನು ಶಸ್ತ್ರಸಮೇತ ಹೊರದೇಶಕ್ಕೆ ಕಳಿಸಲು ಸಂಸತ್ತಿನ ಒಪ್ಪಿಗೆ ಬೇಕೇ ಬೇಕು ಎಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 1994ರಲ್ಲಿ ತೀರ್ಪು ಕೊಟ್ಟಿತು. ಎಷ್ಟು ಮಂದಿ, ಎಲ್ಲಿಗೆ, ಎಷ್ಟು ಕಾಲಕ್ಕೆ ಎಂದು ಅನುಮತಿಯಲ್ಲಿ ಬರೆದಿರುತ್ತದೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮತ್ತೆ ಮತ ಹಾಕಬೇಕು. 2011ರಲ್ಲಿ ಜರ್ಮನಿ ಕಡ್ಡಾಯ ಸೇವೆ ನಿಲ್ಲಿಸಿದಾಗಲೂ ಈ ಲಗಾಮು ಉಳಿಯಿತು. ಸ್ವಯಂಪ್ರೇರಿತ ಸೇನೆಯೇ ಇರುವ ಬ್ರಿಟನ್ನಿನಲ್ಲಿ 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ದಾಳಿಯ ಪ್ರಸ್ತಾವವನ್ನು ಸಂಸತ್ತು 285–272ರಿಂದ ಸೋಲಿಸಿತು. ಅಲ್ಲಿನ ಸದಸ್ಯರ ಮನೆಗಳಿಗೆ ಸೇನೆಯ ಕಾಗದ ಬರುವ ಭಯ ಇರಲಿಲ್ಲ. ಇರಾಕ್ ವಿಷಯದಲ್ಲಿ ತಾವು ಕೇಳದೆ ಬಿಟ್ಟ ಪ್ರಶ್ನೆಗಳ ನೆನಪು ಅವರನ್ನು ಕುಟುಕುತ್ತಿತ್ತು. ಅಂದಿನ ತೀರ್ಮಾನ ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸುವವರಿದ್ದಾರೆ. ಕೇಳಿ ತೀರ್ಮಾನಿಸಿದರು ಎಂಬುದಷ್ಟೇ ನನಗೆ ಬೇಕಾದದ್ದು.

ಯಾರ ಮಗನನ್ನೂ ಎಳೆದೊಯ್ಯಬೇಡಿ ಎಂದೇ ನಾನು ಈಗಲೂ ಹೇಳುತ್ತೇನೆ. ಆದರೆ ತಾವಾಗಿ ಬಂದವರನ್ನು ಕಳಿಸುವ ದೇಶ, ಪ್ರತಿ ಯುದ್ಧಕ್ಕೂ ಹೆಸರು ಹಿಡಿದು ಮತ ಹಾಕಲಿ. ಆ ಅನುಮತಿಗೆ ಮುಗಿಯುವ ತಾರೀಕಿರಲಿ. ಅದರ ಖರ್ಚನ್ನು ಅದೇ ವರ್ಷದ ತೆರಿಗೆಯಲ್ಲಿ ತೋರಿಸಲಿ. ಸೇನೆಯ ಕಾಗದ ನಮ್ಮ ಬಾಗಿಲಿಗೆ ಬರದಿದ್ದರೂ ತೆರಿಗೆಯ ಕಾಗದವಾದರೂ ಬರಲಿ.

ಗೆಳೆಯನ ಜೊತೆ ಮೊದಲು ಮಾತಾಡಿದ ಎಷ್ಟೋ ಕಾಲದ ಮೇಲೆ ಕಾಬೂಲಿನ ಸುದ್ದಿ ಬಂತು. 2021ರ ಆಗಸ್ಟ್ 26ರಂದು ವಿಮಾನ ನಿಲ್ದಾಣದ ಗೇಟಿನ ಬಳಿ ಆತ್ಮಾಹುತಿ ಸ್ಫೋಟ. ದೇಶ ಬಿಟ್ಟು ಹೋಗಲು ಕಾದಿದ್ದ ಅಫ್ಘನ್ನರು ನೂರಾರು ಸಂಖ್ಯೆಯಲ್ಲಿ ಸತ್ತರು, ಗಾಯಗೊಂಡರು. ಅವರನ್ನು ಒಳಗೆ ಬಿಡಲು ನಿಂತಿದ್ದ 13 ಅಮೆರಿಕನ್ ಯೋಧರೂ ಸತ್ತರು. ಆ ರಾತ್ರಿ ಅವನೇ ಫೋನ್ ಮಾಡಿದ. “ಅವರ ವಯಸ್ಸು ನೋಡಿದೆಯಾ?” ಎಂದು ಕೇಳಿದ. ನೋಡಿದ್ದೆ. ಅವರಲ್ಲಿ ಕೆಲವರಿಗೆ 20 ವರ್ಷ. 2001ರ ಸೆಪ್ಟೆಂಬರಿನಲ್ಲಿ 420 ಮಂದಿ ‘ಆಗಲಿ’ ಎಂದು ಮತ ಹಾಕಿದ ಹೊತ್ತಿಗೆ ಅವರಿನ್ನೂ ತೊಟ್ಟಿಲಲ್ಲಿದ್ದರು.